ಅಳಿವೆಯ ನೀರಿಗೆ ಒಡೆಯರು ಯಾರು?



ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯು ಸಮುದ್ರವನ್ನು ಸೇರುವ ಅಳಿವೆಯ ದಂಡೆಯಲ್ಲಿ, ಇಳಿತದ ಹೊತ್ತಿಗೆ ನಿಂತು ನೋಡಿದವರಿಗೆ ಅಲ್ಲಿಯ ಬದುಕಿನ ಸ್ವರೂಪವು ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ. ನೀರು ಹಿಂದೆ ಸರಿದಂತೆ ಕೆಸರುದಿಬ್ಬಗಳು ಮೇಲೇಳುತ್ತವೆ. ಆ ದಿಬ್ಬಗಳ ಕಡೆಗೆ ಬುಟ್ಟಿ ಹಿಡಿದ ಹೆಂಗಸರು ನಡೆದು ಬರುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲ ಬೆರಳುಗಳಿಂದ ಕೆಸರನ್ನು ತಡವಿ, ಕೈಯಿಂದ ಬಳಚನ್ನು ಹೆಕ್ಕಿ ಬುಟ್ಟಿಗೆ ತುಂಬುತ್ತಾರೆ. ಸ್ವಲ್ಪ ಆಳದಲ್ಲಿ ಗಂಡಸರು ಪಾತಿ ದೋಣಿಯನ್ನು ನಿಲ್ಲಿಸಿ ಮುಳುಗಿ ಏಳುತ್ತಿರುತ್ತಾರೆ. ಉಬ್ಬರವು ಮರಳಿ ಬರುವ ಮುನ್ನ ಕೆಲಸ ಮುಗಿಯಬೇಕು. ಇವರ ಗಡಿಯಾರ ಗೋಡೆಯ ಮೇಲಿಲ್ಲ, ಚಂದ್ರನಲ್ಲಿದೆ.

ಕೆಲವು ವರ್ಷಗಳ ಹಿಂದೆ ಆ ದಂಡೆಯಲ್ಲಿ ಬುಟ್ಟಿ ಇಳಿಸಿ ಕುಳಿತಿದ್ದ ಒಬ್ಬ ಹಿರಿಯ ಮಹಿಳೆಯನ್ನು, "ಅಮ್ಮ, ಈ ಜಾಗ ಯಾರದು?" ಎಂದು ಕೇಳಿದೆ. ಆಕೆ ನನ್ನ ನಿಲುವಂಗಿಯನ್ನು ನೋಡಿ ನಕ್ಕು, "ನೀರಿಗೆ ಯಾರು ಪಟ್ಟೆ ಕೊಡ್ತಾರೆ, ಪಾದ್ರಿಗಳೇ? ನಮ್ಮ ಅಜ್ಜಿ ಇಲ್ಲೇ ಹೆಕ್ಕಿದಳು, ನಾನೂ ಇಲ್ಲೇ ಹೆಕ್ತೇನೆ" ಎಂದರು. ಆ ದಿನ ಅದನ್ನು ಒಂದು ಮುಗ್ಧ ಉತ್ತರವೆಂದು ಭಾವಿಸಿದೆ. ನಮ್ಮ ಕರಾವಳಿಯ ಇತ್ತೀಚಿನ ವಿದ್ಯಮಾನಗಳನ್ನು ಗಮನಿಸುತ್ತಾ ಬಂದಂತೆ, ಇಡೀ ಸಮಸ್ಯೆಯ ತಿರುಳು ಆ ಮಾತಿನಲ್ಲಿಯೇ ಅಡಗಿದೆಯೆಂದು ಮನವರಿಕೆಯಾಗಿದೆ. ಪಟ್ಟೆಯಿಲ್ಲದವರ ಹಕ್ಕು ಎಂಥದು? ತಲೆಮಾರುಗಳಿಂದ ಬಳಸುತ್ತಾ ಬಂದವರು ಒಡೆಯರೋ, ಅಥವಾ ನಕ್ಷೆಯ ಮೇಲೆ ಗೆರೆ ಎಳೆಯುವ ಅಧಿಕಾರವುಳ್ಳವರು ಒಡೆಯರೋ? ಈ ವಾರದ ಅಂಕಣದಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಉಪ್ಪು ಮತ್ತು ಸಿಹಿಯ ಸಮತೋಲ

ಅಘನಾಶಿನಿಯು ಶಿರಸಿಯ ಸುತ್ತಲಿನ ಮಲೆನಾಡಿನಲ್ಲಿ ಹುಟ್ಟಿ, ಸಿದ್ದಾಪುರದ ಕಾಡುಗಳನ್ನು ಹಾದು, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲೂಕಿನ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಉತ್ತರ ಕನ್ನಡದ ದೊಡ್ಡ ನದಿಗಳಲ್ಲಿ ಕಾಳಿ ಮತ್ತು ಶರಾವತಿಗಳು ವಿದ್ಯುತ್ತಿಗಾಗಿ ಕಟ್ಟೆಗಳ ಹಿಂದೆ ನಿಂತಿವೆ. ಅಘನಾಶಿನಿಯಾದರೋ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಇಂದಿಗೂ ಹರಿಯುತ್ತಿದೆ.

ಅಳಿವೆ ಎಂಬುದು ನದಿಯೂ ಅಲ್ಲ, ಕಡಲೂ ಅಲ್ಲ. ಉಬ್ಬರದಲ್ಲಿ ಕಡಲು ಒಳಗೆ ಬರುತ್ತದೆ, ಇಳಿತದಲ್ಲಿ ನದಿ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಸಿಹಿನೀರು ಮೇಲುಗೈ ಪಡೆದರೆ ಬೇಸಿಗೆಯಲ್ಲಿ ಉಪ್ಪುನೀರು ನದಿಯ ಒಳಕ್ಕೆ ಬಹುದೂರ ಸಾಗುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡೇ ಅಲ್ಲಿಯ ಜೀವರಾಶಿ ಬೆಳೆದಿದೆ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಸಿಗಡಿಯ ಮರಿಗಳು ಬೆಳೆಯುತ್ತವೆ. ಅನೇಕ ಕಡಲಮೀನುಗಳು ತಮ್ಮ ಬಾಲ್ಯವನ್ನು ಕಳೆಯುವುದು ಈ ಶಾಂತವಾದ ಕಲಬೆರಕೆ ನೀರಿನಲ್ಲಿ. ಆದುದರಿಂದ ಅಳಿವೆಗೆ ಆದ ಹಾನಿ ಅಳಿವೆಯಲ್ಲಿಯೇ ನಿಲ್ಲುವುದಿಲ್ಲ. ಹೊರಗಡಲಿನಲ್ಲಿ ಬಲೆ ಬೀಸುವವನ ಪಾಲೂ ಕಡಿಮೆಯಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ನಡೆಸಿದ ಅಧ್ಯಯನವು ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಬಳಚು ಮತ್ತಿತರ ಚಿಪ್ಪುಜೀವಿಗಳು ದೊರೆಯುತ್ತವೆಂದೂ, 2,300ಕ್ಕೂ ಹೆಚ್ಚು ಮಂದಿಗೆ ಅದು ನೇರವಾದ ದುಡಿಮೆಯೆಂದೂ, ಅದರ ಬೆಲೆ ಅಂದಿನ ದರದಲ್ಲಿ ಸುಮಾರು 5.8 ಕೋಟಿ ರೂಪಾಯಿಯೆಂದೂ ಅಂದಾಜು ಮಾಡಿತು. ಹರಿಕಂತ್ರರು, ಅಂಬಿಗರು, ಹಾಲಕ್ಕಿ ಒಕ್ಕಲಿಗರು, ಪಟಗಾರರು, ಮುಸಲ್ಮಾನರು, ಹೀಗೆ ಜಾತಿ ಧರ್ಮಗಳ ಭೇದವಿಲ್ಲದೆ ಅನೇಕ ಸಮುದಾಯಗಳು ಒಂದೇ ದಿಬ್ಬದಿಂದ ಬುಟ್ಟಿ ತುಂಬಿಸಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಇಷ್ಟು ಜನ ಇಷ್ಟು ಶಾಂತವಾಗಿ ಹಂಚಿಕೊಂಡು ಉಣ್ಣುವ ತಟ್ಟೆಗಳು ಹೆಚ್ಚಿಲ್ಲ.

ಈ ಸಮತೋಲವು ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ಪಕ್ಕದ ಶರಾವತಿಯೇ ಸಾಕ್ಷಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅನಂತರ ಗೇರುಸೊಪ್ಪೆಯಲ್ಲಿಯೂ ಕಟ್ಟೆ ಎದ್ದಿತು. ವಿದ್ಯುತ್ತು ತಯಾರಿಸಿದ ನೀರನ್ನು ವರ್ಷವಿಡೀ ಕೆಳಕ್ಕೆ ಬಿಡುವುದರಿಂದ, ಬೇಸಿಗೆಯಲ್ಲಿ ಉಪ್ಪಾಗಬೇಕಿದ್ದ ಹೊನ್ನಾವರದ ಅಳಿವೆಯು ಸಪ್ಪೆಯಾಗಿಯೇ ಉಳಿಯಿತು. ಉಪ್ಪನ್ನು ಬೇಡುವ ಬಳಚು ಅಲ್ಲಿ ಬಹುಮಟ್ಟಿಗೆ ಕಣ್ಮರೆಯಾಯಿತು. ಯಾರೂ ಆ ಮೀನುಗಾರರನ್ನು ಒಕ್ಕಲೆಬ್ಬಿಸಲಿಲ್ಲ, ಯಾರ ಮನೆಯನ್ನೂ ಕೆಡವಲಿಲ್ಲ. ನೀರಿನ ರುಚಿ ಮಾತ್ರ ಬದಲಾಯಿತು. ಅಷ್ಟರಿಂದಲೇ ಒಂದು ಕಸುಬು ಹೋಯಿತು. ನಾಡಿಗೆ ಬೆಳಕು ಕೊಟ್ಟ ಯೋಜನೆಯ ಈ ಖರ್ಚು ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗಲಿಲ್ಲ.

ಅರ್ಧ ಶತಮಾನದ ಆತಂಕ

ಅಘನಾಶಿನಿಯ ಮೇಲಿನ ಕಣ್ಣು ಇಂದು ನಿನ್ನೆಯದಲ್ಲ. 1970ರ ದಶಕದಲ್ಲಿಯೇ ತದಡಿಯಲ್ಲಿ ದೊಡ್ಡ ಬಂದರಿನ ಹೆಸರಿನಲ್ಲಿ ಸಾವಿರಕ್ಕೂ ಅಧಿಕ ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಬಂದರು ಬರಲಿಲ್ಲ. 2006ರ ಸುಮಾರಿಗೆ ಅಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತು. ಜನರ ತೀವ್ರ ವಿರೋಧದಿಂದ ಅದು ಹಿಂದೆ ಸರಿಯಿತು. ಆ ಬಳಿಕ ಸರ್ವಋತು ಬಂದರಿನ ಯೋಜನೆ ಮರಳಿ ಜೀವ ಪಡೆಯಿತು. ಅದೂ ಇಂದಿನವರೆಗೆ ನಿರ್ಮಾಣವಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅಘನಾಶಿನಿಯ ನೀರನ್ನು ಘಟ್ಟದ ಮೇಲೆ ವೇದಾವತಿಗೆ ತಿರುಗಿಸುವ ಪ್ರಸ್ತಾಪವೂ ಮುನ್ನೆಲೆಗೆ ಬಂದಿದ್ದು, ಶಿರಸಿ ಸೀಮೆಯಲ್ಲಿ ಅದಕ್ಕೆ ವ್ಯಾಪಕವಾದ ವಿರೋಧ ವ್ಯಕ್ತವಾಗಿದೆ. ಅಂದರೆ ಕೆಳಗಿನಿಂದ ಬಂದರು, ಮೇಲಿನಿಂದ ಕಾಲುವೆ. ಅಳಿವೆಯು ಎರಡರ ನಡುವೆ ಸಿಕ್ಕಿದೆ.

ಸುತ್ತಲಿನ ಪರಿಸ್ಥಿತಿಯೂ ನೆಮ್ಮದಿ ಕೊಡುವಂಥದಲ್ಲ. ಕಾರವಾರದಲ್ಲಿ 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದರು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಶರಾವತಿಯ ಅಳಿವೆಯ ಬಾಯಿಯಲ್ಲಿ ಖಾಸಗಿ ಬಂದರಿನ ಕಾಮಗಾರಿಯನ್ನು ವಿರೋಧಿಸುತ್ತಾ ಬಂದ ಮೀನುಗಾರ ಕುಟುಂಬಗಳು 2025ರ ಆರಂಭದಲ್ಲಿ ಬಂಧನವನ್ನೂ ಕಂಡವು. ಕಡಲಾಮೆಗಳು ಮೊಟ್ಟೆಯಿಡಲು ಬರುವ ಆ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸಿ ಬದುಕುತ್ತಾರೆ. ಅದೇ ವರ್ಷ ಅಂಕೋಲೆಯ ಕೇಣಿಯಲ್ಲಿ ಉದ್ದೇಶಿತ ಬಂದರಿನ ಸಾರ್ವಜನಿಕ ಅಹವಾಲು ಸಭೆಗೆ ಜನಸಾಗರವೇ ಬಂದು ತನ್ನ ವಿರೋಧವನ್ನು ದಾಖಲಿಸಿತು. ಈ ಜನರು ಹಠಮಾರಿಗಳಲ್ಲ. ಅವರಿಗೆ ನೆನಪಿದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ದೇಶದ ರಕ್ಷಣೆಗೆಂದು ನೆಲ ಬಿಟ್ಟುಕೊಟ್ಟವು. ಅವರಲ್ಲಿ ಅನೇಕರು ಪರಿಹಾರಕ್ಕಾಗಿ ದಶಕಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿಳಿಯಬೇಕಾಯಿತು. ಒಮ್ಮೆ ಕೈ ಸುಟ್ಟುಕೊಂಡವನು ಬೆಂಕಿಯ ಗುಣವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಈ ನಡುವೆ ಒಂದು ಶುಭವಾರ್ತೆಯೂ ಬಂದಿತು. 2024ರ ಜನವರಿ 31ರಂದು ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದುದು ಪ್ರಕಟವಾಯಿತು. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದಿಂದ ಈ ಹೆಸರು ಬಂದಿದೆ. ಆ ಒಪ್ಪಂದದ ಮೂಲತತ್ತ್ವ ವಿವೇಕಯುತ ಬಳಕೆ. ಅಂದರೆ ಮನುಷ್ಯನನ್ನು ಹೊರಗಟ್ಟಿ ಬೇಲಿ ಹಾಕುವುದಲ್ಲ, ನೀರಿನ ಸ್ವಭಾವವು ಕೆಡದಂತೆ ಅದನ್ನು ಬಳಸುವುದು. ಬುಟ್ಟಿ ಹಿಡಿದ ಹೆಂಗಸರು ಶತಮಾನಗಳಿಂದ ಮಾಡುತ್ತಾ ಬಂದುದೂ ಬಹುಮಟ್ಟಿಗೆ ಅದನ್ನೇ.

ಕಾನೂನಿನ ಕಣ್ಣಿಗೆ ಕಾಣದವರು

ಹಾಗಾದರೆ ಅಘನಾಶಿನಿ ಉಳಿಯಿತೆಂದು ನಿಶ್ಚಿಂತರಾಗಬಹುದೇ? ಇಲ್ಲಿ ನಾವು ಸ್ವಲ್ಪ ಸೂಕ್ಷ್ಮವಾಗಿ ಯೋಚಿಸಬೇಕು. ರಾಮ್ಸಾರ್ ಎಂಬುದು ಗೌರವದ ಹೆಸರು. ಅದು ತಾನೇ ಒಂದು ಕೋಟೆಯಲ್ಲ. ನಮ್ಮ ದೇಶದ ಜೌಗುಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆಯ 2017ರ ನಿಯಮಗಳು ರಾಮ್ಸಾರ್ ತಾಣಗಳಿಗೆ ಅನ್ವಯಿಸುತ್ತವೆ, ನಿಜ. ಆದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗೆ ಒಳಪಟ್ಟ ಜೌಗುಪ್ರದೇಶಗಳನ್ನು ಅದೇ ನಿಯಮಗಳು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಆದುದರಿಂದ ಅಳಿವೆಯ ರಕ್ಷಣೆಯ ಭಾರವು ಬಹುಪಾಲು ಕರಾವಳಿ ನಿಯಂತ್ರಣದ ಅಧಿಸೂಚನೆಯ ಮೇಲೆಯೇ ಬೀಳುತ್ತದೆ. ಆ ಅಧಿಸೂಚನೆಯಾದರೋ ಕಾಂಡ್ಲಾ ಕಾಡುಗಳಿಗೂ ಕೆಸರುದಿಬ್ಬಗಳಿಗೂ ಉನ್ನತವಾದ ರಕ್ಷಣೆ ನೀಡುವುದರ ಜೊತೆಗೆ, ನೀರಿನ ಅಂಚು ಅನಿವಾರ್ಯವಾಗಿ ಬೇಕಾಗುವ ಬಂದರಿನಂತಹ ಕಾಮಗಾರಿಗಳಿಗೆ ಅನುಮತಿಯ ಬಾಗಿಲನ್ನೂ ತೆರೆದಿಟ್ಟಿದೆ. ಬಾಗಿಲಿದ್ದಲ್ಲಿ ತಟ್ಟುವವರು ಇದ್ದೇ ಇರುತ್ತಾರೆ.

ಎರಡನೆಯ ಮಾತು ಇನ್ನೂ ಗಂಭೀರವಾದುದು. 2013ರ ಭೂಸ್ವಾಧೀನ ಕಾಯಿದೆಯು ಬಾಧಿತ ಕುಟುಂಬದ ವ್ಯಾಖ್ಯೆಯಲ್ಲಿ ಭೂಮಾಲೀಕರನ್ನಷ್ಟೇ ಅಲ್ಲ, ಕಾಡು ಅಥವಾ ಜಲಮೂಲಗಳನ್ನು ಮೂರು ವರ್ಷಗಳಿಂದ ಅವಲಂಬಿಸಿ ಬದುಕುವ ಮೀನುಗಾರರನ್ನೂ ಅಂಬಿಗರನ್ನೂ ಸೇರಿಸಿತು. ಇದು ನಿಜಕ್ಕೂ ಮಾನವೀಯವಾದ ಮುನ್ನಡೆ. ಆದರೆ ಈ ವ್ಯಾಖ್ಯೆ ಜಾಗೃತವಾಗುವುದು ಭೂಮಿಯನ್ನು ಸ್ವಾಧೀನಪಡಿಸಿಕೊಂಡಾಗ. ಅಳಿವೆಯ ಬಾಯಿಯನ್ನು ಹೂಳೆತ್ತಿ ಆಳ ಮಾಡಿದರೆ, ಸರಕಾರದ ಕೈಯಲ್ಲಿ ಈಗಾಗಲೇ ಇರುವ ನೆಲದ ಮೇಲೆ ಧಕ್ಕೆ ಕಟ್ಟಿದರೆ, ಯಾರ ಭೂಮಿಯೂ ಹೊಸದಾಗಿ ಸ್ವಾಧೀನವಾಗುವುದಿಲ್ಲ. ಆಗ ಬಾಧಿತರ ಪಟ್ಟಿ ಬರಿದಾಗಿ ಉಳಿಯುವ ಅಪಾಯವಿದೆ. ದೋಣಿಯಿಲ್ಲದ, ಬಲೆಯಿಲ್ಲದ, ಬುಟ್ಟಿಯೊಂದನ್ನೇ ಸಾಧನವಾಗಿ ಉಳ್ಳ ಹೆಂಗಸು ಮೀನುಗಾರಳೆಂಬ ಎಣಿಕೆಗೆ ಬರುವುದೇ ಕಷ್ಟ. ಕಾನೂನು ಆಕೆಯನ್ನು ದ್ವೇಷಿಸುವುದಿಲ್ಲ, ಆಕೆಯನ್ನು ಕಾಣುವುದೇ ಇಲ್ಲ.

ಮೂರನೆಯದು ಲೆಕ್ಕದ ವಿಚಾರ. ಮೇಲೆ ಹೇಳಿದ ಅಂದಾಜನ್ನೇ ತೆಗೆದುಕೊಳ್ಳಿ. 22,000 ಟನ್ನಿಗೆ 5.8 ಕೋಟಿ ಎಂದರೆ ಕಿಲೋಗ್ರಾಮಿಗೆ ಮೂರು ರೂಪಾಯಿಗೂ ಕಡಿಮೆ. ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 25,000 ರೂಪಾಯಿ. ಸಾವಿರಾರು ಕೋಟಿಗಳ ಬಂದರಿನ ಮುಂದೆ ಇದನ್ನು ಇಟ್ಟರೆ ಯಾವ ಅಧಿಕಾರಿಗಾದರೂ ಇದು ಕ್ಷುಲ್ಲಕವಾಗಿ ಕಾಣುವುದು ಸಹಜ. ಆದರೆ ಬೆಲೆ ಬೇರೆ, ಮೌಲ್ಯ ಬೇರೆ. ಮಾರದೆ ಮನೆಯಲ್ಲಿಯೇ ಬೇಯಿಸಿ ಮಕ್ಕಳಿಗೆ ಬಡಿಸಿದ ಬಳಚಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಹೂಡಿಕೆಯಿಲ್ಲದೆ, ಸಾಲವಿಲ್ಲದೆ, ಯಾರ ಅಪ್ಪಣೆಗೂ ಕಾಯದೆ ವಿಧವೆಯೊಬ್ಬಳು ನೀರಿಗಿಳಿದು ಸಂಜೆಯ ಗಂಜಿಯನ್ನು ಗಳಿಸಬಲ್ಲಳೆಂಬ ಭರವಸೆಗೆ ಬೆಲೆ ಕಟ್ಟುವ ಕೋಷ್ಟಕ ಇನ್ನೂ ಸಿದ್ಧವಾಗಿಲ್ಲ. ಬಂದರಿನ ಲಾಭವು ಮೂವತ್ತು ನಲವತ್ತು ವರ್ಷಗಳ ಗುತ್ತಿಗೆಯದು. ಅಳಿವೆಯ ಲಾಭಕ್ಕೆ ಅವಧಿಯ ಮಿತಿಯಿಲ್ಲ.

ಎದುರುವಾದವನ್ನೂ ಕೇಳಬೇಕು

ನ್ಯಾಯವಾಗಿ ವಿಚಾರಿಸುವವನು ಎದುರುವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ಕೇಳಬೇಕೆಂದು ನಮಗೆ ಗುರುಮಠದಲ್ಲಿ ತರ್ಕಶಾಸ್ತ್ರದ ಗುರುಗಳು ಕಲಿಸಿದ್ದರು. ಬಂದರು ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಮ್ಮ ರಾಜ್ಯಕ್ಕೆ ಸುಮಾರು 320 ಕಿಲೋಮೀಟರ್ ಕರಾವಳಿಯಿದ್ದೂ ಮಹಾಬಂದರು ಮಂಗಳೂರಿನದೊಂದೇ. ಬಯಲುಸೀಮೆಯ ಸರಕು ನೆರೆರಾಜ್ಯಗಳ ಬಂದರುಗಳಿಗೆ ಹೋಗುತ್ತದೆ. ನಮ್ಮ ಹುಡುಗರು ಕೆಲಸಕ್ಕಾಗಿ ಗೋವೆಗೆ, ಮಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋಗುತ್ತಾರೆ. ಮೀನುಗಾರನ ಮಗ ಮೀನುಗಾರನಾಗಿಯೇ ಉಳಿಯಬೇಕೆಂದು ಹೇಳಲು ನಾನು ಯಾರು? ಕೆಸರಿನಲ್ಲಿ ದುಡಿದ ತಾಯಿ ತನ್ನ ಮಗಳು ಕಚೇರಿಯಲ್ಲಿ ಕೂರಲೆಂದು ಬಯಸುವುದು ತಪ್ಪಲ್ಲ. ಬಡತನವನ್ನು ಸುಂದರವೆಂದು ವರ್ಣಿಸುವುದು ಹೊಟ್ಟೆ ತುಂಬಿದವರ ದೋಷ.

ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಬಂದರಿನ ಕೆಲಸ ಯಾರಿಗೆ? ಯಂತ್ರಗಳಿಂದ ನಡೆಯುವ ಇಂದಿನ ಬಂದರಿನಲ್ಲಿ ಬುಟ್ಟಿಯ ಹೆಂಗಸಿಗೆ ಸ್ಥಾನವೆಲ್ಲಿ? ತನ್ನ ಮಗಳು ಮುಂದೆ ಬರಲೆಂದು ತಾಯಿ ಬಯಸುವುದು ಬೇರೆ, ಮಗಳು ಮುಂದೆ ಬರುವ ಮೊದಲೇ ತಾಯಿಯ ಅನ್ನವನ್ನು ಕಿತ್ತುಕೊಳ್ಳುವುದು ಬೇರೆ. ಇನ್ನು, ಬಂದರನ್ನು ಬೇರೆಡೆ ಕಟ್ಟಬಹುದೇ, ಇರುವ ಬಂದರನ್ನೇ ಬಲಪಡಿಸಬಹುದೇ ಎಂದು ಚರ್ಚಿಸಲು ಅವಕಾಶವಿದೆ. ಅಳಿವೆಯನ್ನಾದರೋ ಬೇರೆಡೆ ಕಟ್ಟಲಾಗದು. ಮರಳಿ ಪಡೆಯಬಹುದಾದುದನ್ನೂ ಮರಳಿ ಪಡೆಯಲಾಗದುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ.

ನಮ್ಮದೇ ತಪ್ಪುಗಳು

ಇಷ್ಟು ಹೇಳಿ ಬೊಟ್ಟನ್ನು ಹೊರಗೆ ಮಾತ್ರ ತೋರಿಸಿದರೆ ಸತ್ಯಕ್ಕೆ ಅಪಚಾರವಾದೀತು. ಅಳಿವೆಯ ದಂಡೆಯ ಗಜನಿ ಗದ್ದೆಗಳ ಕಥೆಯನ್ನು ನೋಡೋಣ. ಉಪ್ಪುನೀರನ್ನೂ ನೆರೆಯನ್ನೂ ತಾಳುವ ಕಗ್ಗ ಎಂಬ ಭತ್ತವನ್ನು ಅಲ್ಲಿ ಗೊಬ್ಬರ ಔಷಧಿಗಳಿಲ್ಲದೆ ಬೆಳೆಯುತ್ತಿದ್ದರು. ಕಟಾವಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು, ಕೂಳೆಯನ್ನು ತಿನ್ನಲು ಬಂದ ಸಿಗಡಿ ಮೀನುಗಳನ್ನು ಹಿಡಿಯುತ್ತಿದ್ದರು. ಗದ್ದೆಯ ಕಟ್ಟೆಯನ್ನು ಊರವರೆಲ್ಲ ಸೇರಿ ಕಾಯುತ್ತಿದ್ದರು. 1970ರ ದಶಕದಲ್ಲಿ ಸರಕಾರವು ಶಾಶ್ವತ ಕಟ್ಟೆಗಳನ್ನು ಕಟ್ಟಿಸಿತು. 1990ರ ದಶಕದಲ್ಲಿ ಸಿಗಡಿ ಕೃಷಿಯ ಹೊನ್ನಿನ ಆಸೆ ಬಂದಾಗ ಅನೇಕ ಗಜನಿಗಳು ಗುತ್ತಿಗೆಗೆ ಹೋದವು. ಕೆಲವೇ ವರ್ಷಗಳಲ್ಲಿ ಬಿಳಿಚುಕ್ಕೆ ರೋಗವು ಸಿಗಡಿಯನ್ನು ನಾಶಮಾಡಿತು. ಸರ್ವೋಚ್ಚ ನ್ಯಾಯಾಲಯವೂ 1996ರ ಡಿಸೆಂಬರ್‌ನಲ್ಲಿ ಕರಾವಳಿಯ ಸಿಗಡಿ ಉದ್ಯಮದ ಮೇಲೆ ಕಠಿಣವಾದ ತೀರ್ಪು ನೀಡಿತು. ಹೊನ್ನೂ ಹೋಯಿತು, ಭತ್ತವೂ ಹೋಯಿತು. ಇಂದು ಮಾಣಿಕಟ್ಟೆಯಂತಹ ಕೆಲವೇ ಊರುಗಳಲ್ಲಿ ರೈತರು ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಈ ಹಾನಿಯಲ್ಲಿ ಹೊರಗಿನವರ ದುಡ್ಡು ಇತ್ತು, ಒಳಗಿನವರ ಒಪ್ಪಿಗೆಯೂ ಇತ್ತು.

ಬಳಚಿನ ವಿಷಯದಲ್ಲಿಯೂ ಹಾಗೆಯೇ. ಬೇಡಿಕೆ ಹೆಚ್ಚಿದಂತೆ ಇನ್ನೂ ಬೆಳೆಯದ ಮರಿಗಳನ್ನೂ ಬಾಚಿ ಮಾರುವುದು, ಚಿಪ್ಪಿಗಾಗಿ ತಳವನ್ನೇ ಬಗೆಯುವುದು, ಮರಳಿನ ಆಸೆಗೆ ನದಿಯ ಪಾತ್ರವನ್ನು ಕೆದಕುವುದು, ಇವೆಲ್ಲ ಬಂದರಿನ ಕಂಪನಿಗಳು ಮಾಡಿದುದಲ್ಲ. ಎಲ್ಲರಿಗೂ ಸೇರಿದುದನ್ನು ಯಾರೂ ಜೋಪಾನ ಮಾಡುವುದಿಲ್ಲವೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಗುರುತಿಸಿದ್ದ. ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ 1968ರಲ್ಲಿ ಅದೇ ಮಾತನ್ನು ಮುಂದುವರಿಸಿ, ಸಾಮೂಹಿಕ ಸ್ವತ್ತು ಕೊನೆಗೆ ಹಾಳಾಗಿಯೇ ಹೋಗುತ್ತದೆಂದು ವಾದಿಸಿದ. ಆದರೆ ಎಲಿನಾರ್ ಆಸ್ಟ್ರಂ ಎಂಬ ವಿದುಷಿ ಲೋಕದ ಅನೇಕ ಮೀನುಗಾರರ, ರೈತರ, ಗೋಪಾಲಕರ ಕೂಟಗಳನ್ನು ಪರಿಶೀಲಿಸಿ ಅದು ಅನಿವಾರ್ಯವಲ್ಲವೆಂದು ತೋರಿಸಿದರು. ಬಳಸುವವರೇ ಕುಳಿತು ನಿಯಮ ಮಾಡಿಕೊಂಡು, ತಾವೇ ಕಾದು, ತಪ್ಪಿದವರಿಗೆ ತಾವೇ ದಂಡ ವಿಧಿಸುವಲ್ಲಿ ಸಾಮೂಹಿಕ ಸ್ವತ್ತು ತಲೆಮಾರುಗಳವರೆಗೆ ಉಳಿಯುತ್ತದೆ. ಆ ಸಂಶೋಧನೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಬಂದಿತು.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ರಫ್ತಿನ ಬೇಡಿಕೆಯಿಂದಾಗಿ ಬಳಚಿನ ಹಿಡುವಳಿ ಏರಿ, 1990ರ ದಶಕದ ಆರಂಭದಲ್ಲಿ ಒಮ್ಮೆಲೇ ಕುಸಿಯಿತು. ಆಗ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಸಲಹೆಯನ್ನು ಸ್ವೀಕರಿಸಿ, ಮರಿಯಿಡುವ ಕಾಲವಾದ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಿಡಿಯಬಾರದೆಂದೂ, ಬಲೆಯ ಕಣ್ಣು ಇಂತಿಷ್ಟಕ್ಕಿಂತ ಚಿಕ್ಕದಿರಬಾರದೆಂದೂ, ಮರಿ ಬಳಚನ್ನು ಮಾರಬಾರದೆಂದೂ ಕಟ್ಟುಪಾಡುಗಳಾದವು. ಬಳಚು ಮರಳಿತು. 2014ರಲ್ಲಿ ಆ ಮೀನುಗಾರಿಕೆಗೆ ಸುಸ್ಥಿರತೆಯ ಅಂತಾರಾಷ್ಟ್ರೀಯ ಪ್ರಮಾಣಪತ್ರ ದೊರೆಯಿತು. ಭಾರತದಲ್ಲಿ ಅಂಥದು ಮೊದಲನೆಯದು. ಅಷ್ಟಮುಡಿಯವರಿಗೆ ಸಾಧ್ಯವಾದುದು ಅಘನಾಶಿನಿಯವರಿಗೆ ಏಕೆ ಸಾಧ್ಯವಾಗಬಾರದು? ನಿಯಮ ಪಾಲಿಸುವ ಸಮುದಾಯದ ಕೈಯಲ್ಲಿ ಒಂದು ಬಲ ಬರುತ್ತದೆ. ತನ್ನ ನೀರನ್ನು ತಾನೇ ಕಾಯುವವನನ್ನು ಅತಿಕ್ರಮಣದಾರನೆಂದು ಕರೆಯುವುದು ಸುಲಭವಲ್ಲ.

ನಮಗೇಕೆ ಈ ಮಾತು?

ವಾಚಕರಲ್ಲಿ ಕೆಲವರು ಕೇಳಬಹುದು: ಇದು ಮೀನುಗಾರರ ವಿಷಯ, ಸರಕಾರದ ವಿಷಯ. ಕಥೋಲಿಕ ಕುಟುಂಬಗಳಿಗೆ ಇದರಿಂದ ಏನು? ಅಳಿವೆಯ ಬಳಚು ಹೆಕ್ಕುವವರಲ್ಲಿ ನಮ್ಮವರು ಎಷ್ಟು ಮಂದಿ?

ಈ ಪ್ರಶ್ನೆಯ ಕೊನೆಯ ಭಾಗಕ್ಕೆ ನನ್ನಲ್ಲಿ ಸಹಾನುಭೂತಿಯಿಲ್ಲ. ಹಸಿದವನು ನಮ್ಮವನೇ ಎಂದು ವಿಚಾರಿಸಿ ಅನ್ನ ಬಡಿಸುವ ಪದ್ಧತಿ ಶುಭಸಂದೇಶದಲ್ಲಿಲ್ಲ. ಮೊದಲ ಭಾಗಕ್ಕೆ ಉತ್ತರ ಹೇಳುತ್ತೇನೆ. ಸಂತ ತೋಮಸ್ ಅಕ್ವಿನಾಸರು ಖಾಸಗಿ ಸ್ವತ್ತನ್ನು ನ್ಯಾಯವೆಂದೇ ಒಪ್ಪಿದರು. ಆದರೆ ಒಡೆತನವು ಒಬ್ಬನದಾಗಿದ್ದರೂ ಬಳಕೆಯಲ್ಲಿ ಆ ವಸ್ತು ಎಲ್ಲರ ಅಗತ್ಯಕ್ಕೂ ಒದಗುವಂತಿರಬೇಕೆಂದು ಬೋಧಿಸಿದರು. ಸೃಷ್ಟಿಯ ಸಂಪತ್ತು ಮೂಲತಃ ಸಕಲ ಮಾನವರಿಗಾಗಿ ಇದೆಯೆಂಬುದು ಅಲ್ಲಿಂದ ಇಂದಿನವರೆಗೂ ಧರ್ಮಸಭೆಯ ಸಾಮಾಜಿಕ ಬೋಧನೆಯ ಬೆನ್ನೆಲುಬು. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪರಿಪತ್ರ 'ಲೌದಾತೊ ಸಿ'ಯಲ್ಲಿ ಇದೇ ತತ್ತ್ವವನ್ನು ನೀರಿಗೆ, ಕಾಡಿಗೆ, ಕಡಲಿಗೆ ವಿಸ್ತರಿಸಿ, ಪ್ರಕೃತಿಗೆ ಆಗುವ ಗಾಯವೂ ಬಡವನಿಗೆ ಆಗುವ ಗಾಯವೂ ಒಂದೇ ಎಂಬುದನ್ನು ವಿವರಿಸಿದರು. ಹೊನ್ನಾವರದ ಸಪ್ಪೆಯಾದ ಅಳಿವೆಯನ್ನು ಕಂಡವರಿಗೆ ಇದಕ್ಕೆ ಭಾಷ್ಯ ಬೇಡ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಎಣಿಕೆ. ಅಳಿವೆಯನ್ನು ಅವಲಂಬಿಸಿದ ಪ್ರತಿಯೊಬ್ಬರ ಹೆಸರು, ಅದರಲ್ಲೂ ದೋಣಿ ಬಲೆಗಳಿಲ್ಲದ ಹೆಂಗಸರ ಹೆಸರು, ಗ್ರಾಮ ಪಂಚಾಯಿತಿಯ ದಾಖಲೆಯಲ್ಲಿ ಇರಬೇಕು. ಕಾಗದದಲ್ಲಿ ಇಲ್ಲದವರಿಗೆ ನಾಳೆ ಪರಿಹಾರವೂ ಇಲ್ಲ, ಪ್ರಶ್ನಿಸುವ ನೆಲೆಯೂ ಇಲ್ಲ. ವಿದ್ಯಾವಂತರಾದ ನಮ್ಮ ಯುವಕ ಯುವತಿಯರು ಒಂದು ಬೇಸಿಗೆಯ ರಜೆಯಲ್ಲಿ ಮಾಡಬಹುದಾದ ಸೇವೆಯಿದು.

ಎರಡನೆಯದಾಗಿ, ಹಾಜರಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅದಕ್ಕೆ ಕನಿಷ್ಠ ಮೂವತ್ತು ದಿನಗಳ ಮುನ್ಸೂಚನೆ ನೀಡಬೇಕು. ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಆ ಸಾರಾಂಶವನ್ನು ತಂದು, ಓದಿ, ಓದು ಬಾರದವರಿಗೆ ತಿಳಿಸಿ ಹೇಳುವವರು ಬೇಕು. ಸಭೆಯಲ್ಲಿ ಆಡಿದ ಮಾತು ದಾಖಲಾಗುತ್ತದೆ, ಮನೆಯಲ್ಲಿ ಗೊಣಗಿದ ಮಾತು ದಾಖಲಾಗುವುದಿಲ್ಲ.

ಮೂರನೆಯದಾಗಿ, ಸ್ವನಿಯಮ. ಮರಿ ಬಳಚನ್ನು ಹೆಕ್ಕಬೇಡಿ ಎಂದು ಹೆಕ್ಕುವವರಿಗೆ ಹೇಳುವ ಮುನ್ನ, ಮರಿ ಬಳಚನ್ನು ಕೊಳ್ಳಬೇಡಿ ಎಂದು ನಮ್ಮ ಅಡುಗೆಮನೆಗಳಿಗೆ ಹೇಳಿಕೊಳ್ಳೋಣ. ಪೇಟೆಯಲ್ಲಿ ಕೊಳ್ಳುವವರಿಲ್ಲದಿದ್ದರೆ ಅಳಿವೆಯಲ್ಲಿ ಬಾಚುವವರೂ ಇರುವುದಿಲ್ಲ. ಮನೆ ಕಟ್ಟುವವರು ತಮ್ಮ ಮರಳು ಎಲ್ಲಿಂದ ಬಂದಿತೆಂದು ಒಮ್ಮೆ ಕೇಳಲಿ. ಇವು ಚಿಕ್ಕ ಕೆಲಸಗಳು. ಆದರೆ ಸಾಮೂಹಿಕ ಸ್ವತ್ತು ಹಾಳಾಗುವುದೂ ಚಿಕ್ಕ ಚಿಕ್ಕ ಕೆಲಸಗಳಿಂದಲೇ.

ಕೊನೆಯದಾಗಿ ಸರಕಾರಕ್ಕೆ ಒಂದು ವಿನಂತಿ. ರಾಮ್ಸಾರ್ ಹೆಸರನ್ನು ಪಡೆದ ಮೇಲೆ ಆ ಹೆಸರಿಗೆ ತಕ್ಕ ನಿರ್ವಹಣಾ ಯೋಜನೆಯನ್ನು ಅಳಿವೆಯ ಜನರೊಡನೆ ಕುಳಿತು ರೂಪಿಸಬೇಕು. ನದಿಯ ಮೇಲ್ಭಾಗದಲ್ಲಿ ನೀರು ತಿರುಗಿಸುವ ಮಾತನ್ನೂ, ಕೆಳಭಾಗದಲ್ಲಿ ಬಾಯಿ ಅಗೆಯುವ ಮಾತನ್ನೂ ಪ್ರತ್ಯೇಕ ಇಲಾಖೆಗಳ ಪ್ರತ್ಯೇಕ ಕಡತಗಳಾಗಿ ನೋಡದೆ, ಒಂದೇ ನದಿಯ ವಿಷಯವಾಗಿ ನೋಡಬೇಕು. ಬಳಚಿಗೆ ಇಲಾಖೆಗಳ ಗಡಿ ತಿಳಿಯದು. ಅದಕ್ಕೆ ತಿಳಿಯುವುದು ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದೊಂದೇ.

ಪ್ರಭು ಕ್ರಿಸ್ತರು ತಮ್ಮ ಮೊದಲ ಶಿಷ್ಯರನ್ನು ಕರೆದುದು ಗಲಿಲೇಯ ಸರೋವರದ ದಂಡೆಯಲ್ಲಿ, ಬಲೆ ತೊಳೆಯುತ್ತಿದ್ದವರ ನಡುವಿನಿಂದ. ಆ ಸರೋವರಕ್ಕೆ ಪೇತ್ರನ ಬಳಿಯೂ ಪಟ್ಟೆ ಇರಲಿಲ್ಲ. ಅಘನಾಶಿನಿ ಎಂಬ ಹೆಸರಿಗೆ ಪಾಪವನ್ನು ನಾಶಮಾಡುವವಳು ಎಂದು ಅರ್ಥ. ನಮ್ಮ ಹಿಂದೂ ಸಹೋದರರು ಇಟ್ಟ ಈ ಹೆಸರಿನಲ್ಲಿ ಒಂದು ದೊಡ್ಡ ನಂಬಿಕೆಯಿದೆ. ಆ ನದಿಯ ವಿಷಯದಲ್ಲಿಯೇ ನಾವು ಹೊಸ ಪಾಪವೊಂದನ್ನು ಮಾಡದಿರೋಣ. ಅಂದು ದಂಡೆಯಲ್ಲಿ ನಕ್ಕ ಆ ತಾಯಿಗೆ ಪಟ್ಟೆ ಕೊಡಿಸುವ ಶಕ್ತಿ ನಮಗಿಲ್ಲ. ಆಕೆಯ ಮೊಮ್ಮಗಳು, ಬೇಕೆನಿಸಿದರೆ, ಅದೇ ದಿಬ್ಬದಲ್ಲಿ ನಿಂತು ಬುಟ್ಟಿ ತುಂಬಿಕೊಳ್ಳುವಷ್ಟರ ಮಟ್ಟಿಗೆ ಆ ನೀರನ್ನು ಉಳಿಸಿಕೊಡುವ ಹೊಣೆ ಮಾತ್ರ ನಮ್ಮೆಲ್ಲರ ಮೇಲಿದೆ.